ಅರ್ಧ ಇಂಚು ಕೆಂಪು ದಾರ

ಕಾಕಾ ತೀರಿಕೊಂಡ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ಮುಟ್ಟಿತು. ಔರಂಗಾಬಾದಿನಿಂದ ಅವರ ಅಕ್ಕ, ನಾನು ಅತ್ಯಾ ಎನ್ನುವವರು, ಪಕ್ಕದ ಮನೆಯವರ ಕೈಯಲ್ಲಿ ಬರೆಸಿದ ಇನ್‌ಲ್ಯಾಂಡ್ ಪತ್ರ. ಒಟ್ಟು ಆರು ಸಾಲು. ನಾಲ್ಕು ಕಾಕಾರ ಬಗ್ಗೆ, ಎರಡು ಬೆಕ್ಕಿನ ಬಗ್ಗೆ. ಕೊನೆಯ ಎರಡು ಹೀಗಿದ್ದವು: "ಬೆಕ್ಕು ಊಟ ಬಿಟ್ಟದ, ಅದರ ಆಟ ನನ್ನ ಕೈಲಿ ಆಗೂದಿಲ್ಲ. ನೀ ಬಂದು ಒಯ್ದರ ಛಲೋ, ಇಲ್ಲಂದ್ರ ಬರೂ ಸೋಮವಾರ ಬಾಗಲಾ ತಗದು ಬಿಟ್ಟು ಬಿಡ್ತೀನಿ."

ಅಂದು ಬುಧವಾರ. ಮೊದಲ ಪಾಳಿ ಮುಗಿಸಿ ಬಂದಿದ್ದೆ. ಪತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಚಪ್ಪಲಿ ಕಳಚದೆ ಹಾಗೇ ಕೂತೆ. ಆ ಬೆಕ್ಕಿಗೆ ಈಗ ಒಂಬತ್ತು ವರ್ಷ. ಬುಟ್ಟಿಯಲ್ಲಿ ಕೂತು ಒಮ್ಮೆ ಊರು ಬದಲಿಸಿದ್ದು, ಚೀಲದಲ್ಲಿ ಒಮ್ಮೆ ದವಾಖಾನೆಗೆ ಹೋದದ್ದು ಬಿಟ್ಟರೆ ಅದು ಹೊಸ್ತಿಲು ದಾಟದೆ ಎಂಟು ವರ್ಷ ಎರಡು ತಿಂಗಳಾಗಿತ್ತು. ಲೆಕ್ಕ ನನ್ನ ದಿನಚರಿಯದು. ಅತ್ಯಾರ ಮನೆಯ ಬಾಗಿಲು ತೆರೆಯುವುದು ಜಾಲನಾ ಕಡೆಗೆ ಲಾರಿಗಳು ಹೋಗುವ ರಸ್ತೆಗೆ. ಅಲ್ಲಿ ನಾಯಿಗಳೂ ಇವೆ. ಬಾಗಿಲು ತೆರೆದರೆ ಅದು ಒಂದು ದಿನವೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸೋಮವಾರಕ್ಕೆ ನಾಲ್ಕು ದಿನ ಇದ್ದವು. ರಜೆ ಸಿಗುವುದು ಭಾನುವಾರ ಮಾತ್ರ. ಆ ನಡುವಿನ ಸಂಜೆಗಳಲ್ಲಿ ಹಳೆಯ ದಿನಚರಿಗಳನ್ನು ತೆಗೆದು ಕಾಕಾರನ್ನು ಹುಡುಕಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಆ ಹೆಸರು ಪಗಾರ ಚೀಟಿಯ ಮೇಲೆ ಮಾತ್ರ ಇತ್ತು, ಎಲ್ಲರಿಗೂ ಅವರು ಕಾಕಾ.

ವಿಜಾಪುರದ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಹತ್ಯಾರಗಳ, ಅಂದರೆ ಉಪಕರಣಗಳ, ಸ್ಟೋರು ನೋಡಿಕೊಳ್ಳುತ್ತಿದ್ದರು. ತಂತಿ ಜಾಳಿಗೆಯ ಒಂದು ಕಿಟಕಿ, ಅದರ ಹಿಂದೆ ಗೋಡೆ ತುಂಬ ಮೊಳೆಗಳು, ಮೊಳೆಗೊಂದು ಹತ್ಯಾರ. ಕೆಲಸಗಾರ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟರೆ ಕಾಕಾ ಅವನಿಗೆ ಬೇಕಾದ ಹತ್ಯಾರ ಕೊಟ್ಟು, ಖಾಲಿಯಾದ ಮೊಳೆಗೆ ಆ ಬಿಲ್ಲೆಯನ್ನು ನೇತುಹಾಕುವರು. ಪಾಳಿ ಮುಗಿದಾಗ ಹತ್ಯಾರ ಮೊಳೆಗೆ ಬರಬೇಕು, ಬಿಲ್ಲೆ ಅವನ ಜೇಬಿಗೆ ಹೋಗಬೇಕು. ಒಂದು ಮೊಳೆಯ ಮೇಲೆ ಬಿಲ್ಲೆ ಉಳಿದಿದ್ದರೂ ಆ ಬಿಲ್ಲೆಯವನು ಗೇಟು ದಾಟುವಂತಿಲ್ಲ. ಮರೆತ ಸ್ಕ್ರೂಡ್ರೈವರ್ ಒಂದು ವಿಮಾನದ ಹೊಟ್ಟೆಯಲ್ಲಿ ಕೂತಿರಬಹುದು.

ಉಳಿದವರು ಬಿಲ್ಲೆ ಎಣಿಸಿ ಸುಮ್ಮನಾಗುತ್ತಿದ್ದರು. ಕಾಕಾ ಮರಳಿ ಬಂದ ಪ್ರತಿ ಹತ್ಯಾರದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಹತ್ಯಾರ ಬಂದರೆ ಸಾಲದು, ಪೂರ್ತಿ ಬರಬೇಕು ಎಂಬುದು ಅವರ ಮಾತು. ಕಿಟಕಿಯ ಮುಂದೆ ಸಾಲು ಬೆಳೆಯುತ್ತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಕಾಕಾ, ಹೆಣ್ಣು ನೋಡಿದಂಗ ನೋಡಾಕತ್ತೀರಲ್ರೀ," ಎಂದು ಒಬ್ಬ ಫಿಟ್ಟರ್ ಛೇಡಿಸಿದ.

"ಹೆಣ್ಣು ಒಮ್ಮೆ ನೋಡ್ತಾರಪಾ. ಇದನ್ನ ದಿನಾ ನೋಡಬೇಕು. ಸರಿ ಆಕಡೆ, ಮುಂದಿನಾಂವ ಬರಲಿ."

ನಾನು ಧಾರವಾಡದಿಂದ ಬಂದು ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಕಾರಕೂನನಾಗಿ ಸೇರಿದಾಗ ನನಗೆ ಇಪ್ಪತ್ತಮೂರು. ನಾಸಿಕದ ಹಳೆಯ ಪೇಟೆಯಲ್ಲಿ, ಅಂಗಳದ ಸುತ್ತ ಬಾಡಿಗೆದಾರರಿದ್ದ ಒಂದು ವಾಡೆಯಲ್ಲಿ ಖೋಲಿ ಸಿಕ್ಕಿತು. ಪಕ್ಕದ ಖೋಲಿ ಕಾಕಾರದು. ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು.

ಬೆಕ್ಕು ಬಂದದ್ದು ಕಟ್ಟಿಗೆ ಪೆಟ್ಟಿಗೆಯಲ್ಲಿ. ಕಪಾಟಿಗೆ ಹಲಗೆ ಬೇಕೆಂದು ಕಾಕಾ ಪೇಟೆಯಿಂದ ಖಾಲಿ ಪೆಟ್ಟಿಗೆ ತಂದರು. ತೆರೆದರೆ ಕಟ್ಟಿಗೆ ಸಿಪ್ಪೆಯ ನಡುವೆ ಅಂಗೈಯಷ್ಟು ಬೂದುಬಣ್ಣದ ಮರಿ. "ಇದು ಚಲಾನಿನೊಳಗ ಇರಲಿಲ್ಲಲಾ," ಎಂದು ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆ ದಿನ.

ಹತ್ತು ತಿಂಗಳು ಅದು ವಾಡೆಯ ತುಂಬ ಓಡಾಡಿಕೊಂಡಿತ್ತು. ಆಮೇಲೆ ಬೇಸಿಗೆ ಬಂತು. ವಾಡೆಯ ಒಡತಿ ಆಜಿ ಮಾಳಿಗೆಯ ಮೇಲೆ ನಾಲ್ಕು ಹಳೆಯ ಸೀರೆ ಹಾಸಿ ವರ್ಷಕ್ಕಾಗುವಷ್ಟು ಗೋಧಿ ಕುರಡಗಿ ಸಂಡಿಗೆ ಹಾಕಿದ್ದರು. ಬೆಕ್ಕು ಹಸಿ ಕುರಡಗಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ನಡುವೆ ಒಂದು ಒಳ್ಳೆಯ ಜಾಗ ನೋಡಿ ಮಲಗಿತು. ಆಜಿ ಕೆಳಗಿಳಿದು ಬಂದು ಮರಾಠಿಯಲ್ಲಿ ಹೇಳಿದ್ದನ್ನು ನಾನು ಆ ದಿನವೇ ಬರೆದಿಟ್ಟಿದ್ದೇನೆ: "ನೀನು ಕಾಕಾ ಆಗಿರು, ಕಲೆಕ್ಟರ್ ಆಗಿರು. ಈ ಮಾಂಜರ ನಿನ್ನ ಉಂಬರಠಾ ದಾಟಿದ್ದು ಕಂಡೆನೋ, ಇಬ್ಬರೂ ಗಂಟು ಕಟ್ಟಿರಿ."

ಮಾಂಜರ ಎಂದರೆ ಬೆಕ್ಕು, ಉಂಬರಠಾ ಎಂದರೆ ಹೊಸ್ತಿಲು. ಆಜಿಯ ಮಾತು ಎಂದರೆ ಮಾತು. ಅಂದೇ ಕಾಕಾ ಕಿಟಕಿಗೆ ಜಾಳಿಗೆ ಬಡಿದರು.

ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ. ಕಾಕಾ ದಿನಕ್ಕೆ ಹನ್ನೊಂದು ತಾಸು ಹೊರಗೆ. ಬೆಕ್ಕು ಗಾದಿ ಹರಿಯಿತು, ಕ್ಯಾಲೆಂಡರ್ ಕಿತ್ತಿತು, ಅಕ್ಕಿ ಡಬ್ಬಿ ಉರುಳಿಸಿತು. ಹಾಗೂ ಕೂಗಿತು. ಗೋಡೆಯ ಈಚೆ ನಾನು ಎಣಿಸುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನೇ ಹೇಳಿದೆ.

"ಕಾಕಾ, ಐದರಿಂದ ಆರರತನಾ ನಲವತ್ತೆರಡು ಸಲ ಒದರಿತ್ರೀ."

ಕಾಕಾ ಚಹಾ ಸೋಸುತ್ತಿದ್ದರು. "ಎಣಸಿದೇನು?"

"ಹೌದ್ರೀ."

"ಅದಕ್ಕೂ ಕೆಲಸಿಲ್ಲ, ನಿನಗೂ ಕೆಲಸಿಲ್ಲ. ಅದು ಒದರ್ತದ, ನೀ ಎಣಸ್ತಿ." ಬಸಿಯಲ್ಲಿ ಚಹಾ ಹಾಕಿ ನನ್ನ ಕಡೆ ದೂಡಿದರು. ತಮ್ಮ ಬಸಿ ಎತ್ತಿಕೊಂಡು ಅಂದರು: "ತಪ್ಪು ಅದರದಲ್ಲ ತಮ್ಮಾ. ಬ್ಯಾಟಿ ಆಡೂ ಜೀವಾ. ಪೆಟಗಿಯೊಳಗ ಇಟ್ಟೇವಿ. ಅದಕ್ಕ ಕೆಲಸಾ ಕೊಡಬೇಕು."

ಮುಂದಿನ ಮೂರು ಭಾನುವಾರ ಅವರು ಆಟಿಕೆ ಮಾಡಿದರು. ನಮ್ಮಲ್ಲಿ ಒಬ್ಬ ಫಿಟ್ಟರನ ಮನೆಯವರದು ಮಾಲೇಗಾಂವ್‌ನಲ್ಲಿ ಮಗ್ಗ ಇತ್ತು. ಅವನು ನೂಲು ಸುತ್ತುವ ಒಂದು ಕಟ್ಟಿಗೆಯ ಬಾಬಿನ್ ತಂದುಕೊಟ್ಟ. ಅದರ ಮೇಲೆ ಕೆಂಪು ದಾರ ಇನ್ನೂ ಇತ್ತು. ದಾರದ ತುದಿಗೆ ಅಂಗಳದಲ್ಲಿ ಬಿದ್ದ ಪಾರಿವಾಳದ ಗರಿ, ಇನ್ನೊಂದು ತುದಿಗೆ ಬಿದಿರ ಕಡ್ಡಿ. ಅಗಸೆ ಎಣ್ಣೆಯ ಸಣ್ಣ ಡಬ್ಬಿಯಲ್ಲಿ ಹುಣಸೆ ಬೀಜ. ಪಿಂಪಳಗಾಂವ್‌ನ ಉಳ್ಳಾಗಡ್ಡಿ ಸಂತೆಯಿಂದ ಬಂದ ಗೋಣಿಚೀಲವನ್ನು ನಾಲ್ಕು ಸಲ ಒಗೆದು, ವಾಸನೆ ಪೂರ್ತಿ ಹೋಯಿತೆಂದು ನನ್ನಿಂದಲೂ ಮೂಸಿಸಿ, ಒಳಗೆ ತಂತಿಯ ಬಳೆ ಕೊಟ್ಟು ಸುರಂಗ ಮಾಡಿದರು. ಬೆಂಡು, ಕಾಗದದ ಉಂಡೆ, ಹೀಗೆ ಇನ್ನೂ ಕೆಲವು. ನೆಲದ ಮೇಲೇ ಇರುವ ಸುರಂಗ ಬಿಟ್ಟು ಒಟ್ಟು ಒಂಬತ್ತು. ಕಪಾಟಿನ ಬಾಗಿಲ ಒಳಮೈಗೆ ಒಂಬತ್ತು ಮೊಳೆ ಬಡಿದು ನಂಬರು ಬರೆದರು. ತಗಡು ಕತ್ತರಿಸಿ ಒಂದು ಬಿಲ್ಲೆ ಮಾಡಿಕೊಂಡರು, ನಂಬರು ಒಂದು. ದಿನಕ್ಕೆ ಒಂದೋ ಎರಡೋ ಆಟಿಕೆ ಹೊರಗೆ ಬರಬೇಕು, ಉಳಿದವು ಕಪಾಟಿನ ಒಳಗೆ. ದಿನವೂ ಕಂಡರೆ ಬೆಕ್ಕಿಗೆ ಅದರ ಬೆಲೆ ಹೋಗುತ್ತದೆ ಎನ್ನುತ್ತಿದ್ದರು. ತಮ್ಮ ಖೋಲಿಯಲ್ಲಿ ತಾವೊಬ್ಬರೇ ಇದ್ದರೂ ಆಟಿಕೆ ತೆಗೆಯುವಾಗ ಬಿಲ್ಲೆಯನ್ನು ಮೊಳೆಗೆ ಹಾಕುತ್ತಿದ್ದರು.

ಬೆಕ್ಕು ಹೆಣ್ಣು, ಆದರೆ ಅದಕ್ಕೆ ಬಿದ್ದ ಹೆಸರು ಇನ್‌ಸ್ಪೆಕ್ಟರ್ ಸಾಹೇಬರು. ಹೊಸ ಆಟಿಕೆ ಮುಂದಿಟ್ಟರೆ ಒಮ್ಮೆ ಮೂಸಿ, ಒಂದು ಸುತ್ತು ಹಾಕಿ, ಬೆನ್ನು ತಿರುಗಿಸಿ ಕೂರುತ್ತಿತ್ತು. "ರಿಜೆಕ್ಟ್," ಎಂದು ಕಾಕಾ ನನ್ನ ಕಡೆ ನೋಡುವರು. "ನಿಮ್ಮ ಸೆಕ್ಷನ್ನಿನವರಽ. ಕಾರಣಾ ಬರಕೊಡೂದಿಲ್ಲ."

ಮೊದಲು ನಾನು ಆಡಿಸಿದಾಗ ಗರಿಯನ್ನು ಅದರ ಮೂಗಿನ ಮುಂದೆ ಕುಣಿಸಿದೆ. ಅದು ಕಣ್ಣು ಮುಚ್ಚಿತು.

"ಏನಪಾ, ಇಲಿ ಯಾವಾಗರೆ ಬಂದು ಬೆಕ್ಕಿನ ಮಾರಿ ಮ್ಯಾಲೆ ಕುಣದದ್ದು ಕಂಡೀಯೇನು? ಕೊಡಿಲ್ಲೆ." ಕಡ್ಡಿ ಕಸಿದುಕೊಂಡು ಗರಿಯನ್ನು ನೆಲದ ಮೇಲೆ ಬೆಕ್ಕಿನಿಂದ ದೂರ ದೂರ ಎಳೆದರು. ಟ್ರಂಕಿನ ಮೂಲೆಯ ಹಿಂದೆ ಗರಿ ಅರ್ಧ ಮರೆಯಾಗಿ ನಿಂತಿತು. ಒಂದು ಸಲ ಮಾತ್ರ ಮಿಡುಕಿತು. ಬೆಕ್ಕಿನ ಹಿಂಭಾಗ ಅಲುಗಾಡಿತು, ಕಣ್ಣು ಕಪ್ಪಾಯಿತು, ಹಾರಿತು. "ಅಂಜಿಸಬೇಕು, ಅಡಗಿಸಬೇಕು, ಕಡೀಕ ಸಿಗಬೇಕು. ಸಿಗದಂಗ ಆಡಿಸಿದ್ರ ಅದಕ್ಕ ಸಿಟ್ಟು ಬರ್ತದ. ಸಿಕ್ಕ ಕೂಡಲೇ ಉಣ್ಣಾಕ ಕೊಡಬೇಕು. ಬ್ಯಾಟಿ ಆತು, ಊಟಾ ಆತು, ನಿದ್ದಿ ಆತು." ಆ ದಿನದಿಂದ ಬೆಳಗಿನ ಕೂಗು ಇಳಿಯಿತು. ಹದಿನೇಳನೆಯ ದಿನ ನನ್ನ ವಹಿಯಲ್ಲಿ ಸೊನ್ನೆ.

ಇಷ್ಟು ಬರೆದರೆ ಕಾಕಾ ಹುರುಪಿನ ಮನುಷ್ಯ ಎಂದು ಯಾರಾದರೂ ತಿಳಿದಾರು. ಅಲ್ಲ. ಅವರಷ್ಟು ದಣಿದ ಮನುಷ್ಯನನ್ನು ನಾನು ಕಂಡಿಲ್ಲ. ಐವತ್ತನಾಲ್ಕಕ್ಕೇ ಮೊಣಕಾಲು ಹೋಗಿದ್ದವು. ಸಿಮೆಂಟು ನೆಲದ ಮೇಲೆ ದಿನವಿಡೀ ನಿಂತು, ಬಸ್ಸಿನಲ್ಲಿ ನಿದ್ದೆ ತೂಗುತ್ತ ಬಂದು, ಮೆಟ್ಟಿಲ ಮೇಲೆ ಎರಡು ಕಡೆ ಕೂತು ಮೇಲೇರುತ್ತಿದ್ದರು. ಕಾರ್ಖಾನೆಯವರು ನಗುತ್ತಿದ್ದರು: "ಕಾಕಾ ನಾಲ್ಕನೇ ಪಾಳಿಗೆ ಹೊಂಟ್ರು, ಬೆಕ್ಕಿನ ಪಾಳಿ." ಕಾಕಾ ಬಸ್ಸಿಗೆ ನಡೆಯುವರು. ಸಿನಿಮಾಕ್ಕೆ ಬರುತ್ತಿರಲಿಲ್ಲ, ಗೋದಾವರಿಯ ದಂಡೆಗೆ ಸಂಜೆ ಹೋದವರಲ್ಲ. ಕಡ್ಡಿ ಹಿಡಿಯಲೂ ಆಗದ ದಿನ ನೆಲದ ಮೇಲೆ ಅಂಗಾತ ಮಲಗಿ, ಕೆಂಪು ದಾರವನ್ನು ಕಡ್ಡಿಯಿಂದ ಬಿಚ್ಚಿ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳುವರು. ಕಣ್ಣು ಮುಚ್ಚಿರುತ್ತಿತ್ತು, ಹೆಬ್ಬೆರಳು ಮಾತ್ರ ಅಲುಗುತ್ತಿತ್ತು. ಬೆಕ್ಕು ಗರಿಯ ಮೇಲೆ ಬಿದ್ದು ಹೊರಳುತ್ತಿತ್ತು.

"ಒಂದ ದಿನ ಬಿಡ್ರೀ ಕಾಕಾ," ಎಂದೆ ಒಮ್ಮೆ.

"ನಮಗ ದಣಿವಾಗೇದಂತ ಅದಕ್ಕ ಗೊತ್ತಾಗಬಾರದು," ಎಂದರು. ಕಣ್ಣು ತೆರೆಯಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ಔರಂಗಾಬಾದಿನಲ್ಲಿ ಅವರ ಅಕ್ಕನ ಕಣ್ಣಿನ ಪೊರೆ ತೆಗೆಸುವುದು ಗೊತ್ತಾಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದೆ ಮಲಗಿಸುತ್ತಾರೆ. ವಿಧವೆ, ಜೊತೆಗೆ ಬೇರೆ ಯಾರೂ ಇರಲಿಲ್ಲ. ಕಾಕಾ ಹನ್ನೆರಡು ದಿನ ರಜೆ ಹಾಕಿದರು. ಹೊರಡುವಾಗ ನನಗೆ ಬೀಗದ ಕೈ ಕೊಟ್ಟು, ಕೈಯಲ್ಲೇ ಗೆರೆ ಎಳೆದ ಒಂದು ರಜಿಸ್ಟರ್ ಕೊಟ್ಟರು. ತಾರೀಖು, ಆಟಿಕೆಯ ನಂಬರು, ವಾಪಸ್, ಅಳತೆ.

"ಬ್ಯಾರೇದ್ದು ಹೆಂಗರೆ ಇರಲಿ. ನಾಲ್ಕನೇ ನಂಬರಿನ ದಾರಾ ದಿನಾ ಆಟಾ ಮುಗದ ಮ್ಯಾಲೆ ಅಳೀಬೇಕು. ಹದಿನೆಂಟು ಇಂಚು. ಬೆಕ್ಕಿನ ನಾಲಿಗಿ ಮ್ಯಾಲೆ ಮುಳ್ಳು ಇರ್ತಾವ, ಒಳಗ ಹೋದದ್ದು ಹೊರಗ ಬರೂದಿಲ್ಲ. ಕರಳಿನಾಗ ದಾರಾ ಹೋದ್ರ ಬೆಕ್ಕು ಹೋತು." ಸ್ಟೀಲಿನ ಸ್ಕೇಲನ್ನು ರಜಿಸ್ಟರಿನ ಮೇಲಿಟ್ಟರು. "ನೀ ಲೆಕ್ಕಾ ಇಡಾಂವ. ನಿನಗ ಹೇಳೂ ಮಾತಲ್ಲ ಇದು."

ನಾಲ್ಕು ದಿನ ಅಳೆದು 'ಸರಿ' ಎಂದು ಬರೆದೆ. ಐದನೆಯ ದಿನ ತಿಂಗಳ ಕೊನೆಯ ಕೆಲಸ, ಹತ್ತು ತಾಸು ಫೈಲುಗಳ ನಡುವೆ ನಿಂತು ಬಂದಿದ್ದೆ. ಬೆಕ್ಕನ್ನು ಆಡಿಸಿದೆ, ಉಣಿಸಿದೆ, ಆಟಿಕೆ ಮೊಳೆಗೆ ಹಾಕಿದೆ. ರಜಿಸ್ಟರ್ ತೆಗೆದು ಆ ದಿನದ ಅಳತೆಯ ಮನೆಯಲ್ಲಿ 'ಸರಿ' ಎಂದು ಬರೆದೆ. ಪೆನ್ನಿನಲ್ಲಿ ಶಾಯಿ ಚೆನ್ನಾಗಿ ಇಳಿಯುತ್ತಿತ್ತು. ಒಂದೇ ಕೈಯಲ್ಲಿ, ಒಂದೇ ಶಾಯಿಯಲ್ಲಿ ಇದ್ದರೆ ಪುಟ ಅಂದವಾಗಿರುತ್ತದೆ ಎಂದು ಉಳಿದ ಏಳು ದಿನದ ಮನೆಗಳಲ್ಲೂ ಆಗಲೇ 'ಸರಿ' ಎಂದು ತುಂಬಿಸಿಬಿಟ್ಟೆ. ದಾರ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು.

ನನ್ನ ಸ್ವಂತ ವಹಿಯಲ್ಲಿ ಬೆಕ್ಕು ಎಷ್ಟು ಸಲ ಹಾರಿತೆಂದು ಬೇರೆ ಬರೆಯುತ್ತಿದ್ದೆ. ಮೊದಲ ಐದು ದಿನ: ಮೂವತ್ತನಾಲ್ಕು, ಮೂವತ್ತೊಂದು, ಮೂವತ್ತಾರು, ಮೂವತ್ತಮೂರು, ಮೂವತ್ತೈದು. ಆರನೆಯ ದಿನ ಮೂವತ್ತು. ಏಳನೆಯ ದಿನ ಹನ್ನೆರಡು. ಎಂಟನೆಯ ದಿನ ಸೊನ್ನೆ. ಹಾಲು ಮುಟ್ಟಲಿಲ್ಲ, ಎರಡು ಸಲ ನೊರೆ ಕಕ್ಕಿತು, ಗೋಣಿಯ ಸುರಂಗದೊಳಗೆ ಹೋಗಿ ಕೂತಿತು. ಆಗ ಸ್ಕೇಲು ತೆಗೆದೆ. ದಾರ ಹನ್ನೊಂದು ಇಂಚು ಇತ್ತು. ಗರಿ ದಾರದ ನಡುವೆ ಸುತ್ತಿಕೊಂಡಿದ್ದರಿಂದ ಜೋತುಬಿದ್ದ ತುದಿ ಹರಿದದ್ದು ಕಂಡಿರಲಿಲ್ಲ.

ಅರ್ಧ ದಿನ ರಜೆ ಹಾಕಿ, ಬೆಕ್ಕನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಆಜಿಯ ಕಣ್ಣು ತಪ್ಪಿಸಿ ದನದ ದವಾಖಾನೆಗೆ ಹೋದೆ. ಡಾಕ್ಟರು ಟಾಂಗಾ ಕುದುರೆಯೊಂದರ ಗೊರಸು ಹಿಡಿದಿದ್ದರು. ಬೆಕ್ಕು ಎಂದಾಗ ನಕ್ಕರು, ದಾರ ಎಂದಾಗ ನಗು ನಿಲ್ಲಿಸಿದರು. ನಾಲಿಗೆಯ ಕೆಳಗೆ ನೋಡಿದರು, ಅಲ್ಲಿ ಸಿಕ್ಕಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರು. "ಹಿಂದಿನಿಂದ ತುದಿ ಕಂಡರೂ ಎಳೆಯಬೇಡ. ಎಳೆದರೆ ಕರುಳು ಕೊಯ್ಯುತ್ತದೆ. ತಾನಾಗಿ ಬರಬೇಕು. ಕಾದು ನೋಡು," ಎಂದರು ಮರಾಠಿಯಲ್ಲಿ.

ದಾರಿಯಲ್ಲಿ ಅಂಚೆ ಕಚೇರಿಗೆ ಹೋಗಿ ತಂತಿಯ ಫಾರಂ ತೆಗೆದುಕೊಂಡೆ. ಏನು ಬರೆಯುವುದು? ಅಲ್ಲಿ ಕಣ್ಣುಪಟ್ಟಿ ಕಟ್ಟಿಕೊಂಡು ಮಲಗಿದ ಅಕ್ಕ. ಬರೆದೆ, ಹರಿದೆ. ಮನೆಗೆ ಬಂದು ಸುರಂಗದ ಬಾಯಿಗೆ ಕೂತೆ. ಅಂದು ಮತ್ತು ಮರುದಿನ ನನ್ನ ವಹಿಯಲ್ಲಿ ಲೆಕ್ಕವೇ ಇಲ್ಲ.

ಹತ್ತನೆಯ ದಿನ ಬೆಕ್ಕಿನ ಶೌಚಕ್ಕೆ ಇಟ್ಟಿದ್ದ ಬೂದಿಯ ತಟ್ಟೆಯಲ್ಲಿ ದಾರ ಸಿಕ್ಕಿತು. ತೊಳೆದು ಅಳೆದೆ. ಹನ್ನೊಂದನೆಯ ದಿನ ಬೆಕ್ಕು ಹಾಲು ಕುಡಿದು, ಗರಿಯನ್ನು ನೋಡಿ ಮುಖ ತಿರುಗಿಸಿತು. ಅಷ್ಟು ಸಾಕಾಯಿತು ನನಗೆ. ಹನ್ನೆರಡನೆಯ ದಿನ ಬೆಳಿಗ್ಗೆ ಬಾಬಿನ್ನಿನಿಂದ ಹದಿನೆಂಟು ಇಂಚು ಹೊಸ ದಾರ ಕತ್ತರಿಸಿ ಕಟ್ಟಿದೆ. ಅದೇ ಕೆಂಪು. ರಜಿಸ್ಟರಿನಲ್ಲಿ ಹನ್ನೆರಡು 'ಸರಿ'. ಯಾವ ಇನ್‌ಸ್ಪೆಕ್ಷನ್ನಿನಲ್ಲೂ ಪಾಸಾಗುವ ಕೆಲಸ.

ಸಂಜೆ ಕಾಕಾ ಬಂದರು. ಔರಂಗಾಬಾದಿನಿಂದ ಎಸ್.ಟಿ. ಬಸ್ಸಿನಲ್ಲಿ ನಿಂತೇ ಬಂದಿದ್ದರು. ಚಪ್ಪಲಿ ಸಮೇತ ಟ್ರಂಕಿನ ಮೇಲೆ ಕೂತರು. ಹನ್ನೆರಡು ದಿನ ದವಾಖಾನೆಯ ಬೆಂಚಿನ ಮೇಲೆ ಮಲಗಿದ ಮುಖ. ಬೆಕ್ಕು ಬಂದು ಅವರ ಕಾಲಿಗೆ ಮೈ ಉಜ್ಜಿಕೊಂಡಿತು. "ಸೊರಗ್ಯಾರಲಾ ಸಾಹೇಬ್ರು," ಎಂದು ಬೆನ್ನು ಸವರಿ, ರಜಿಸ್ಟರಿಗೆ ಕೈ ಚಾಚಿದರು. ಕೊಟ್ಟೆ. ಅವರ ಬೆರಳು ಅಳತೆಯ ಮನೆಗಳ ಮೇಲೆ ಮೇಲಿನಿಂದ ಕೆಳಗೆ ಇಳಿಯಿತು. ಆಮೇಲೆ ಪೆನ್ನು ತೆಗೆದರು. ಕಪಾಟು ತೆರೆಯಲಿಲ್ಲ, ನಾಲ್ಕನೇ ನಂಬರನ್ನು ಮುಟ್ಟಲಿಲ್ಲ, ಸ್ಕೇಲು ಕೇಳಲಿಲ್ಲ. ಇಪ್ಪತ್ತು ವರ್ಷ ಪ್ರತಿ ತುದಿಯನ್ನು ಸವರಿ ನೋಡಿದ ಮನುಷ್ಯ ನನ್ನ ಅಕ್ಷರ ನೋಡಿ ಸಹಿ ಮಾಡಲು ಬಗ್ಗಿದರು.

"ಸಹಿ ಮಾಡಬ್ಯಾಡ್ರೀ ಕಾಕಾ," ಎಂದೆ.

ಹೇಳಿದೆ. ಎಲ್ಲವನ್ನೂ ತಾರೀಖಿನ ಪ್ರಕಾರ. ಕಾಕಾ ಪೆನ್ನಿನ ಟೋಪಿ ಹಾಕಿದರು.

"ಎಷ್ಟು ಸಿಕ್ತು?"

"ಆರೂವರಿ."

"ಹೋದದ್ದು ಏಳು."

"ಹೌದ್ರೀ."

"ಹಂಗಾರ ಅರ್ಧ ಇಂಚು ಒಳಗದ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಬೂದಿಯ ತಟ್ಟೆಯನ್ನು ಜಾಳಿಗೆಯ ತುಂಡಿನ ಮೇಲೆ ಸುರಿದು, ಮೊಣಕಾಲೂರಿ ಕೂತು ಜರಡಿ ಹಿಡಿದರು. ಮುಂದಿನ ಒಂಬತ್ತು ದಿನ ಕಾರ್ಖಾನೆಯಿಂದ ಬಂದವರೇ ಅದನ್ನು ಮಾಡಿದರು. ನಾನು ಹಿಡಿಯುತ್ತೇನೆಂದರೆ ಬಿಡಲಿಲ್ಲ. ಸುರಂಗ ಬಿಚ್ಚಿ ನೋಡಿದರು, ಗಾದಿ ಝಾಡಿಸಿದರು. ಅರ್ಧ ಇಂಚು ಸಿಗಲಿಲ್ಲ. ಬೆಕ್ಕು ಮಾತ್ರ ಮೊದಲಿನಂತೆ ಹಾರತೊಡಗಿತ್ತು.

ಒಂಬತ್ತನೆಯ ದಿನ ಜರಡಿ ಕೆಳಗಿಟ್ಟು ಅಂದರು: "ನಿನ್ನ ವಯಸ್ಸಿನಾಗ ನಾ ಒಂದು ಎಂಜಿನ್ ರಿಪೇರಿ ಅಂಗಡ್ಯಾಗ ಇದ್ದೆ. ಡ್ರಿಲ್ಲಿನ ತುದಿ ಮುರದು ಬಂತು. ನಾ ನೋಡಿದೆ. ವಾಪಸ್ ಅಂತ ಬರದೆ. ಯಾಕಂತಿ? ಊಟದ ಹೊತ್ತಾಗಿತ್ತು." ಜರಡಿಯ ಅಂಚಿನ ಬೂದಿ ತಟ್ಟಿದರು. "ತುದಿ ಎಂಜಿನ್ನಿನಾಗ ಸಿಕ್ತು, ಎಂಜಿನ್ ಜಾಮ್ ಆತು. ಅದನ್ನ ಜೋಡಿಸಿದಾಂವನ್ನ ಕೆಲಸಾ ಬಿಡಿಸಿ ಮನಿಗೆ ಕಳಿಸಿದ್ರು. ಎರಡ ಹುಡುಗರಿದ್ವು ಅವಗ. ನಾ ಹೇಳಲಿಲ್ಲ ತಮ್ಮಾ. ಇವತ್ತಿಗೂ ಯಾರಿಗೂ ಹೇಳಿಲ್ಲ."

ರಜಿಸ್ಟರ್ ತೆಗೆದು ನನ್ನ ಎಂಟು 'ಸರಿ'ಗಳ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬರೆದರು: ಅರ್ಧ ಇಂಚು ಬಾಕಿ.

ಮರುದಿನ ಸಂಜೆ ನಾನು ಅವರ ಬಾಗಿಲ ಮುಂದೆ ಬೀಗದ ಕೈ ಹಿಡಿದು ನಿಂತೆ, ಮರಳಿ ಕೊಡಲು. ಕಾಕಾ ತಗಡು ಕತ್ತರಿಸುತ್ತಿದ್ದರು. ಅಂಚು ಉಜ್ಜಿ, ತೂತು ಹಾಕಿ, ಮೊಳೆಯಿಂದ ಎರಡು ಎಂದು ಕೊರೆದು ನನ್ನ ಅಂಗೈಯಲ್ಲಿಟ್ಟರು.

"ಏನ್ರೀ ಇದು?"

"ನಿನ್ನ ಬಿಲ್ಲೆ. ಮುರದದ್ದು ಬಂದು ಹೇಳಾಂವಗ ಹತ್ಯಾರ ಕೊಡಬೇಕಪಾ. ನನ್ನಂಥಾವಗ ಅಲ್ಲ."

ಅದಾದ ಮೇಲೆ ಎರಡೂವರೆ ವರ್ಷ ನಾವಿಬ್ಬರೂ ಪಾಳಿಯ ಮೇಲೆ ಆಡಿಸಿದೆವು. ಬೆಳಿಗ್ಗೆ ನಾನು, ಸಂಜೆ ಅವರು. ರಜಿಸ್ಟರಿನ ಪ್ರತಿ ತಿಂಗಳ ಪುಟದ ತಲೆಯಲ್ಲಿ ಕಾಕಾ ಬರೆಯುತ್ತಿದ್ದರು: ಹಿಂದಿನ ಬಾಕಿ ಅರ್ಧ ಇಂಚು. ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಹಾರ ಹಾಕಿದರು. ಮನೆಗೆ ಬಂದು ಹಾರವನ್ನು ಬೆಕ್ಕಿನ ಮುಂದೆ ಎಳೆದು ನೋಡಿದರು. ರಿಜೆಕ್ಟ್. ಮರುದಿನ ಬುಟ್ಟಿ, ಟ್ರಂಕು, ಕಪಾಟಿನ ಕಳಚಿದ ಬಾಗಿಲು ಎಲ್ಲವೂ ಔರಂಗಾಬಾದಿನ ಬಸ್ಸೇರಿದವು. ನನ್ನ ಬಿಲ್ಲೆ ನನ್ನ ಟ್ರಂಕಿನಲ್ಲಿ ಉಳಿಯಿತು. ವರ್ಷಕ್ಕೆ ಎರಡು ಪತ್ರ ಬರುತ್ತಿದ್ದವು, ಅವುಗಳಲ್ಲಿ ಬೆಕ್ಕಿನ ತೂಕ ಇರುತ್ತಿತ್ತು. ನಾನು ಹೋಗಿ ನೋಡಿದ್ದು ಎರಡೇ ಸಲ.

ಭಾನುವಾರ ನನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಮೊದಲ ಬಸ್ಸು ಹಿಡಿದೆ. ಅತ್ಯಾ ಬಾಗಿಲು ತೆರೆದು ದಪ್ಪ ಕನ್ನಡಕದೊಳಗಿಂದ ನೋಡಿದರು.

"ಎಣಸೂ ಹುಡುಗ ನೀನಽ ಅಲ್ಲೇನು? ಬಾ. ಬಾಗಲಾ ಹಾಕು ಲಗೂನ."

ಬೆಕ್ಕು ಮಂಚದ ಕೆಳಗೆ ಗೋಣಿಯ ಸುರಂಗದಲ್ಲಿತ್ತು. ಕರೆದೆ, ಬರಲಿಲ್ಲ. ಅತ್ಯಾ ನೆಲದ ಮೇಲೆ ಒಂದು ಜಾಗ ತೋರಿಸಿದರು.

"ಇಲ್ಲೇ ಮಲಗಿದ್ದ. ಸಂಜಿ ಆಟದ ಹೊತ್ತು. ಹೆಬ್ಬಟ್ಟಿಗೆ ದಾರಾ ಕಟಗೊಂಡಿದ್ದ, ಬೆಕ್ಕು ಜಗ್ತಿತ್ತು, ಕಾಲು ಅಲಗತಿತ್ತು. ಆಡಸಾಕತ್ತಾನ ಅಂತ ನಾ ಚಹಾಕ್ಕಿಡಾಕ ಹ್ವಾದೆ. ತಂದು ನೋಡಿದ್ರ ಇನ್ನೂ ಜಗ್ತಿತ್ತು." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನನಗ ಬಗ್ಗಾಕ ಬರೂದಿಲ್ಲಪಾ. ಬೆಕ್ಕಿನ ಮ್ಯಾಲೆ ನನಗೇನು ಸಿಟ್ಟಿಲ್ಲ. ಬಾಗಲಾ ತಗೀತೀನಂತ ಬರಸಿದ್ದು ನೀ ಬರಲಿ ಅಂತ."

ಕಪಾಟಿನ ಬಾಗಿಲನ್ನು ಗೋಡೆಗೆ ಒರಗಿಸಿದ್ದರು, ಕೆಳಗೆ ರಜಿಸ್ಟರು ಮತ್ತು ಸ್ಕೇಲು. ಎಂಟು ಮೊಳೆಗಳ ಮೇಲೆ ಎಂಟು ಆಟಿಕೆ. ನಾಲ್ಕನೆಯ ಮೊಳೆಯ ಮೇಲೆ ತಗಡಿನ ಬಿಲ್ಲೆ, ನಂಬರು ಒಂದು. ಹದಿನೈದು ದಿನವಾಗಿ ಯಾರೂ ಅದನ್ನು ತೆಗೆದಿರಲಿಲ್ಲ.

"ಅತ್ಯಾ, ಆ ದಾರಾ ಎಲ್ಲೈತ್ರೀ?"

ದೇವರ ಗೂಡಿನಿಂದ ಕುಂಕುಮದ ಖಾಲಿ ಡಬ್ಬಿ ತಂದುಕೊಟ್ಟರು. ಕಾಲಿನಿಂದ ಬಿಚ್ಚಿದವರು ಬಿಸಾಡಲು ಹೋಗಿದ್ದರಂತೆ, ಇವರು ಕಸಿದುಕೊಂಡಿದ್ದರು. ನಾನು ಸ್ಕೇಲು ತೆಗೆದು, ಗರಿ ಬಿಡಿಸಿ, ಗಂಟು ಸಡಿಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ಅಳೆದೆ. ಎರಡು ಸಲ ಅಳೆದೆ. ಹದಿನೆಂಟು. ರಜಿಸ್ಟರಿನ ಕೊನೆಯ ಸಾಲಿನಲ್ಲಿ ತಾರೀಖು, ನಂಬರು ನಾಲ್ಕು ಇದ್ದವು. ವಾಪಸ್ ಮತ್ತು ಅಳತೆಯ ಮನೆಗಳು ಖಾಲಿ. ಎರಡನ್ನೂ ತುಂಬಿದೆ. ಸಹಿ ಮಾಡಿದೆ. ದಾರವನ್ನು ಮೊಳೆಗೆ ಹಾಕಿ, ಕಾಕಾರ ಬಿಲ್ಲೆ ತೆಗೆದು ಅತ್ಯಾರ ಕೈಯಲ್ಲಿಟ್ಟೆ.

"ಇನ್ನ ಹೋಗಬಹುದ್ರೀ ಅವರು," ಎಂದೆ. ಅವರಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಹಾಕ್ಕೆ ನೀರಿಟ್ಟರು.

ಆಮೇಲೆ ನನ್ನ ಬಿಲ್ಲೆಯನ್ನು ಅದೇ ಮೊಳೆಗೆ ಹಾಕಿ ನಾಲ್ಕನೇ ನಂಬರನ್ನು ತೆಗೆದುಕೊಂಡೆ.

ನಾಸಿಕಕ್ಕೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ರಜಿಸ್ಟರು, ಬಗಲಲ್ಲಿ ಕಪಾಟಿನ ಬಾಗಿಲು. ಆಜಿ ತುಳಸಿ ಕಟ್ಟೆಯ ಹತ್ತಿರ ಕೂತಿದ್ದರು. ಈಗ ಅವರಿಗೆ ಕಿವಿ ಮಂದ, ಕಣ್ಣು ಚುರುಕು. ಬುಟ್ಟಿಯ ಸಂದಿನಲ್ಲಿ ಬೂದುಬಣ್ಣ ಕಂಡಿತು.

"ಅದೇನಾ? ಇನ್ನೂ ಇದೆಯಾ?" ಬಹಳ ಹೊತ್ತು ನೋಡಿದರು. "ಉಂಬರಠಾ ನೆನಪಿದೆಯಲ್ಲ?"

"ನೆನಪಿದೆ ಆಜಿ."

ಖೋಲಿಯ ಬಾಗಿಲು ಹಾಕಿ ಬುಟ್ಟಿ ತೆರೆದೆ. ಬೆಕ್ಕು ಹೊರಬಂದು ಗೋಡೆಯುದ್ದಕ್ಕೂ ಮೂಸುತ್ತ ಹೋಗಿ ನಡುಗೋಡೆಯ ಹತ್ತಿರ ಕೂತಿತು. ಹಾಲಿಟ್ಟೆ, ಮುಟ್ಟಲಿಲ್ಲ. ಎರಡು ಕಡೆಯ ಬಸ್ಸಿನಿಂದ ನನ್ನ ಸೊಂಟ ಹಿಡಿದಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ ದಾರವನ್ನು ಹೆಬ್ಬೆರಳಿಗೆ ಕಟ್ಟಿಕೊಂಡೆ. ಗರಿ ಟ್ರಂಕಿನ ಮೂಲೆಯ ಹಿಂದೆ ಅರ್ಧ ಮರೆಯಾಗುವಂತೆ ಕಾಲು ಸರಿಸಿದೆ. ಕಣ್ಣು ಮುಚ್ಚಿದೆ. ಒಂದು ಸಲ ಅಲುಗಿಸಿದೆ, ನಿಲ್ಲಿಸಿದೆ. ಮತ್ತೆ ಅಲುಗಿಸಿದೆ. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ.

ದಾರ ಜಗ್ಗಿತು.

ಎದ್ದು, ಮೊದಲು ಅಳೆದು, ಆಮೇಲೆ ರಜಿಸ್ಟರಿನಲ್ಲಿ ಬರೆದೆ: ನಂಬರು ನಾಲ್ಕು. ಹಾರಿದ್ದು ಒಂದು. ಅಳತೆ ಹದಿನೆಂಟು. ಹಿಂದಿನ ಬಾಕಿ ಅರ್ಧ ಇಂಚು, ನನ್ನ ಹೆಸರಿಗೆ.